ಸಾವಿರದ ಮೂವತ್ತಮೂರು ಉಮೇದುವಾರರು



ತಾಳವಾಡಿಯ ಕಡೆಯ ರೈತ ಬಂಧುಗಳೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಕತ್ತಲಾಯಿತೆಂದರೆ ಆನೆಗಳು ಹೊಲಕ್ಕೆ ಇಳಿಯುತ್ತವೆ. ರಾಗಿ, ಮುಸುಕಿನ ಜೋಳ, ಬಾಳೆ, ಕಬ್ಬು ಯಾವುದನ್ನೂ ಬಿಡುವುದಿಲ್ಲ. ಅವುಗಳ ಕಾಲಿಗೆ ಸಿಕ್ಕದೆ ಉಳಿದ ಕೋಸು, ಟೊಮೇಟೊಗಳನ್ನು ಮಾರುಕಟ್ಟೆಗೆ ಒಯ್ದರೆ ಲಾರಿಯ ಬಾಡಿಗೆಯೂ ಹುಟ್ಟದ ದಿನಗಳುಂಟು. ಘಟ್ಟದ ಕೆಳಗಿನವರಿಗೆ ನಾವು ಕನ್ನಡದವರು, ಗಡಿಯಾಚೆಯವರಿಗೆ ತಮಿಳುನಾಡಿನವರು; ನಮ್ಮ ಮಾತನ್ನು ಕೇಳುವವರು ಯಾರು? ಇಷ್ಟನ್ನು ತೋಡಿಕೊಂಡು, ಕೊನೆಯಲ್ಲಿ ಅವರು ಹೀಗೆ ಕೇಳಿದ್ದಾರೆ: “ಹಿಂದೆ ಈರೋಡಿನ ಕಡೆ ರೈತರು ಸಾವಿರ ಮಂದಿ ಒಟ್ಟಿಗೆ ಚುನಾವಣೆಗೆ ನಿಂತು ಸರಕಾರವನ್ನೇ ಬೆರಗುಗೊಳಿಸಿದರಂತಲ್ಲ. ನಾವೂ ಊರಿಗೆ ಹತ್ತು ಮಂದಿಯಂತೆ ನಾಮಪತ್ರ ಸಲ್ಲಿಸಿದರೆ ಹೇಗೆ, ಮೇಷ್ಟ್ರೇ?”

ಪ್ರಶ್ನೆ ಹಗುರವಾದುದಲ್ಲ. ಬೆಳೆ ಕಳೆದುಕೊಂಡವನ ನೋವು ಅದರ ಹಿಂದಿದೆ. ಆದುದರಿಂದ ಒಂದೇ ಮಾತಿನಲ್ಲಿ ‘ಬೇಡ’ ಎನ್ನದೆ, ಆ ಸಾವಿರ ಮಂದಿಯ ಕಥೆ ಏನು, ಅದರಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು ಈ ತಿಂಗಳು ಒಟ್ಟಿಗೆ ಕುಳಿತು ವಿಚಾರ ಮಾಡೋಣ.

ಆ ಕಥೆ ನಡೆದದ್ದು ಮೊಡಕ್ಕುರಿಚಿ ಎಂಬ ವಿಧಾನಸಭಾ ಕ್ಷೇತ್ರದಲ್ಲಿ, 1996ರಲ್ಲಿ. ಅದು ಈರೋಡು ಪಟ್ಟಣಕ್ಕೆ ಹತ್ತಿರದ, ಕೊಂಗುನಾಡಿನ ಒಂದು ಗ್ರಾಮೀಣ ಸೀಮೆ. ನಮಗೂ ಅದಕ್ಕೂ ನಂಟು ಇಲ್ಲದಿಲ್ಲ. 1979ರಲ್ಲಿ ಕೊಯಮತ್ತೂರಿನಿಂದ ಬೇರ್ಪಟ್ಟು ಪೆರಿಯಾರ್ ಜಿಲ್ಲೆಯಾದಾಗ, ದಿಂಬಂ ಘಾಟಿಯ 27 ತಿರುವುಗಳ ಮೇಲಿರುವ ತಾಳವಾಡಿಯೂ ಕೆಳಗಿನ ಮೊಡಕ್ಕುರಿಚಿಯೂ ಆ ಒಂದೇ ಜಿಲ್ಲೆಗೆ ಸೇರಿದವು. 1996ರಲ್ಲಿ ಅದೇ ಜಿಲ್ಲೆಗೆ ಈರೋಡು ಜಿಲ್ಲೆ ಎಂದು ಹೆಸರಾಯಿತು. ಇನ್ನೂ ಹಿಂದಕ್ಕೆ ಹೋದರೆ, 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಈ ಸೀಮೆಯೆಲ್ಲ ಮೈಸೂರಿನ ಆಳ್ವಿಕೆಯಲ್ಲಿತ್ತು. ಟಿಪ್ಪೂ ಸುಲ್ತಾನನ ಪಕ್ಷದಲ್ಲಿ ನಿಂತು ಆಂಗ್ಲರೊಡನೆ ಕಾದಾಡಿದ ಧೀರನ್ ಚಿನ್ನಮಲೈ ಕೋಟೆ ಕಟ್ಟಿದ್ದು ಅರಚ್ಚಲೂರಿನ ಸಮೀಪದ ಓಡಾನಿಲೈಯಲ್ಲಿ. 1805ರಲ್ಲಿ ಸಂಕಗಿರಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಇಂದಿಗೂ ಆಡಿ ತಿಂಗಳ ಹದಿನೆಂಟರಂದು ಕಾವೇರಿಯ ಹೊಸ ನೀರಿಗೆ ಪೂಜೆ ಸಲ್ಲಿಸುವ ಜನ ಅವನನ್ನೂ ನೆನೆಯುತ್ತಾರೆ. ಕೊಂಗುನಾಡಿನ ಪಟ್ಟಣಗಳಲ್ಲಿ ಮನೆಯೊಳಗೆ ಕನ್ನಡವನ್ನೇ ಆಡುವ ದೇವಾಂಗ ನೇಕಾರರ ಬೀದಿಗಳಿರುವುದೂ ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದ ವಿಷಯ.

ನೆಲ ಮಾತ್ರ ನಮ್ಮದಕ್ಕಿಂತ ಬೇರೆ. ನಮ್ಮದು ಮಳೆಯನ್ನೂ ಬಾವಿಯನ್ನೂ ನಂಬಿದ ಕಾಡಂಚಿನ ಹೊಲ. ಅವರದು ಕಾಲುವೆಯ ನೀರಾವರಿ. ಹದಿಮೂರನೆಯ ಶತಮಾನದಲ್ಲಿ ಕಾಳಿಂಗರಾಯನ್ ಎಂಬ ಅಧಿಕಾರಿ ಭವಾನಿ ನದಿಗೆ ಅಣೆ ಕಟ್ಟಿಸಿ ತೆಗೆಸಿದ ಕಾಲುವೆ, ಹಾವಿನಂತೆ ಬಳುಕುತ್ತ ಸುಮಾರು 90 ಕಿಲೋಮೀಟರ್ ಹರಿದು ಕೊಡುಮುಡಿಯ ಕಡೆಗೆ ಸಾಗುತ್ತದೆ. ಸ್ವಾತಂತ್ರ್ಯ ಬಂದ ಮೇಲೆ 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟಿನಿಂದ ಸುಮಾರು 200 ಕಿಲೋಮೀಟರ್ ಉದ್ದದ ಕೆಳಭವಾನಿ ಕಾಲುವೆ ಹೊರಟು ಎರಡು ಲಕ್ಷ ಎಕರೆಗೂ ಹೆಚ್ಚು ಭೂಮಿಗೆ ನೀರುಣಿಸುತ್ತದೆ. ಆದರೆ ಆ ನೀರು ಎಲ್ಲರಿಗೂ ಎಲ್ಲ ಕಾಲದಲ್ಲೂ ಸಿಕ್ಕುವುದಿಲ್ಲ. ಅರ್ಧ ಅಚ್ಚುಕಟ್ಟಿಗೆ ಭತ್ತದ ಸರದಿ, ಇನ್ನರ್ಧಕ್ಕೆ ಒಣ ಬೆಳೆಯ ಸರದಿ. ಸರದಿಯ ದಿನವನ್ನು ನಿಶ್ಚಯಿಸುವುದು ಸರಕಾರ. ಹೀಗಾಗಿ ಅಲ್ಲಿನ ರೈತನಿಗೆ ಮೋಡದಷ್ಟೇ ಮದರಾಸಿನ ಸಚಿವಾಲಯವೂ ಮುಖ್ಯ.

ಅಲ್ಲಿನ ಹೆಸರಾದ ಬೆಳೆ ಅರಿಶಿನ. ಮುಂಗಾರಿನ ಹೊತ್ತಿಗೆ ಕೊಂಬು ಊರಿದರೆ ಕೀಳುವುದು ಪೊಂಗಲ್ ಕಳೆದ ಮೇಲೆ. ಕಿತ್ತು, ಬೇಯಿಸಿ, ಬಿಸಿಲಿನಲ್ಲಿ ಒಣಗಿಸಿ, ಉಜ್ಜಿ ಹೊಳಪು ಕೊಟ್ಟ ನಂತರವೇ ಅದು ಸರಕು. ಒಂದು ಬೆಳೆಗೆ ಹೆಚ್ಚು ಕಡಮೆ ಒಂದು ವರ್ಷದ ದುಡಿಮೆ. ಆ ದುಡಿಮೆಗೆ ಈರೋಡಿನ ಮಂಡಿಯಲ್ಲಿ ಏನು ಬೆಲೆ ಸಿಕ್ಕೀತೆಂಬುದನ್ನು ನೆಡುವ ದಿನ ಯಾರೂ ಹೇಳಲಾರರು. ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳ ರೈತರೂ ತಮ್ಮ ಅರಿಶಿನವನ್ನು ಹೊತ್ತುಕೊಂಡು ಹೋಗುವುದು ಅದೇ ಮಂಡಿಗೆ. ಪೊಂಗಲ್ ದಿನ ಹಾಲುಕ್ಕುವ ಮಡಕೆಯ ಕೊರಳಿಗೆ ಕಟ್ಟುವುದು ಎಲೆ ಸಮೇತವಾದ ಅರಿಶಿನದ ಗಿಡ. ಮದುವೆಯಲ್ಲಿ ತಾಳಿಯ ದಾರಕ್ಕೆ ಬಳಿಯುವುದು ಅರಿಶಿನ. ಬಣ್ಣಾರಿ ಅಮ್ಮನ ಕೊಂಡ ಹಾಯುವವರು ಉಡುವುದು ಅರಿಶಿನ ಬಣ್ಣದ ಬಟ್ಟೆ. ಇಷ್ಟು ಮಂಗಳಕರವಾದ ಬೆಳೆಗೆ ಸರಕಾರ ಸಾರುವ ಬೆಂಬಲ ಬೆಲೆಗಳ ಪಟ್ಟಿಯಲ್ಲಿ ಸ್ಥಾನವಿಲ್ಲ.

ಈ ಸೀಮೆಯ ರೈತರು ಸುಮ್ಮನೆ ಕುಳಿತವರಲ್ಲ. ಎಪ್ಪತ್ತರ ದಶಕದಲ್ಲಿ ಪಂಪುಸೆಟ್ಟಿನ ವಿದ್ಯುತ್ ದರದ ವಿರುದ್ಧ ಕೊಯಮತ್ತೂರು ಸೀಮೆಯಲ್ಲಿ ಎದ್ದ ಹೋರಾಟ ಚರಿತ್ರೆಯಲ್ಲಿ ಉಳಿದಿದೆ. ಅದರ ಮುಂದಾಳು ನಾರಾಯಣಸ್ವಾಮಿ ನಾಯ್ಡು ಅವರು. ಎತ್ತಿನ ಗಾಡಿಗಳು ರಸ್ತೆಗೆ ಇಳಿದವು, ಗೋಲಿಬಾರುಗಳಲ್ಲಿ ರೈತರು ಪ್ರಾಣ ತೆತ್ತರು. ನಾಯ್ಡು ಅವರು 1984ರಲ್ಲಿ ತೀರಿಕೊಂಡರು. ರೈತರೆಲ್ಲರಿಗೂ ಉಚಿತ ವಿದ್ಯುತ್ ಬಂದುದು 1989ರಲ್ಲಿ ಅಧಿಕಾರಕ್ಕೆ ಬಂದ ಸರಕಾರದ ಕಾಲದಲ್ಲಿ. ಕರ್ನಾಟಕದಲ್ಲಿ 1980ರಲ್ಲಿ ರೈತ ಸಂಘ ಹುಟ್ಟುವುದಕ್ಕೆ ಮುಂಚೆಯೇ ಇಲ್ಲಿ ಹಸಿರು ಶಾಲಿನವರ ಸಂಘಟನೆ ಬಲವಾಗಿತ್ತು.

ಇನ್ನು 1996ಕ್ಕೆ ಬರೋಣ. ತಮ್ಮ ಬೇಡಿಕೆಗಳಿಗೆ ಸರಕಾರ ಕಿವಿಗೊಡುತ್ತಿಲ್ಲವೆಂದು ಬೇಸತ್ತ ರೈತ ಸಂಘದವರು ಒಂದು ಉಪಾಯ ಹೂಡಿದರು: ಒಬ್ಬರಲ್ಲ, ಇಬ್ಬರಲ್ಲ, ಸಾಧ್ಯವಾದಷ್ಟು ಮಂದಿ ಒಂದೇ ಕ್ಷೇತ್ರದಲ್ಲಿ ಉಮೇದುವಾರರಾಗುವುದು. ಆಗ ವಿಧಾನಸಭೆಗೆ ನಿಲ್ಲುವವರು ಕಟ್ಟಬೇಕಾಗಿದ್ದ ಠೇವಣಿ 250 ರೂಪಾಯಿ ಮಾತ್ರ. ನಾಮಪತ್ರಗಳ ರಾಶಿಯೇ ಬಿದ್ದಿತು. ಕಣದಲ್ಲಿ ಉಳಿದವರ ಸಂಖ್ಯೆ 1,033. ಭಾರತದ ಯಾವ ವಿಧಾನಸಭಾ ಕ್ಷೇತ್ರದಲ್ಲಿಯೂ ಅಷ್ಟು ಮಂದಿ ನಿಂತುದಿಲ್ಲ.

ಚುನಾವಣಾ ಆಯೋಗಕ್ಕೆ ದಿಕ್ಕು ತೋಚದಂತಾಯಿತು. ಮತಪತ್ರ ಒಂದು ಹಾಳೆಯಲ್ಲಿ ಹಿಡಿಸಲಿಲ್ಲ. ಪುಸ್ತಕದಂತೆ ಅಚ್ಚು ಹಾಕಿಸಬೇಕಾಯಿತು. ಆ ಪುಸ್ತಕಗಳನ್ನು ತುಂಬಲು ಸಾಮಾನ್ಯ ಮತಪೆಟ್ಟಿಗೆ ಸಾಲದೆ ದೊಡ್ಡ ಪೆಟ್ಟಿಗೆಗಳನ್ನು ಮಾಡಿಸಿದರು. ಇದೆಲ್ಲಕ್ಕೂ ಸಮಯ ಬೇಕಾದುದರಿಂದ ಆ ಕ್ಷೇತ್ರದ ಮತದಾನವನ್ನು ಸುಮಾರು ಒಂದು ತಿಂಗಳು ಮುಂದೂಡಿದರು. ಪತ್ರಿಕೆಗಳು ಬರೆದವು, ದೇಶವೆಲ್ಲ ಬೆರಗಾಗಿ ನೋಡಿತು. ಗಮನ ಸೆಳೆಯುವುದೇ ರೈತರ ಉದ್ದೇಶವಾಗಿದ್ದರೆ ಅದು ನೆರವೇರಿತೆಂದೇ ಹೇಳಬೇಕು.

ಫಲಿತಾಂಶವೇನು? ಗೆದ್ದವರು ಆ ವರ್ಷ ರಾಜ್ಯದಲ್ಲೆಲ್ಲ ಜಯಭೇರಿ ಹೊಡೆದ ದ್ರಾವಿಡ ಮುನ್ನೇಟ್ರ ಕಳಗದ ಸುಬ್ಬುಲಕ್ಷ್ಮಿ ಜಗದೀಶನ್. ಕಣದಲ್ಲಿದ್ದವರ ಪೈಕಿ 88 ಮಂದಿಗೆ ಒಂದು ಮತವೂ ಬೀಳಲಿಲ್ಲ. ಅಂದರೆ ಅವರು ತಮಗೆ ತಾವೇ ಮತ ಹಾಕಿಕೊಂಡಿರಲಿಲ್ಲ. ತಾವು ನಿಂತದ್ದು ಗೆಲ್ಲುವುದಕ್ಕಲ್ಲ ಎಂಬುದು ಅವರಿಗೆ ಸ್ಪಷ್ಟವಾಗಿಯೇ ಇತ್ತು. ಹೆಸರನ್ನು ಪ್ರತಿಭಟನೆಗೆ ಕೊಟ್ಟರು, ಮತವನ್ನು ತಮಗೆ ಬೇಕಾದ ಪಕ್ಷಕ್ಕೆ ಕೊಟ್ಟರು. ಇದು ಹಳ್ಳಿಯವರ ಲೆಕ್ಕಾಚಾರ. ಇದನ್ನು ನಗುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಬೆಲೆ ತೆತ್ತವರು ಬೇರೆ ಇದ್ದರು. ನಾನು ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಅಧಿಕಾರಿಯಾಗಿ ಕುಳಿತವನು. ಹತ್ತು ಹದಿನೈದು ಹೆಸರುಗಳಿರುವಲ್ಲಿಯೇ ಅಕ್ಷರ ಬಾರದ ಅಜ್ಜಿಯೊಬ್ಬಳು ತನ್ನ ಚಿಹ್ನೆಯನ್ನು ಹುಡುಕಲು ಪಡುವ ಪಾಡನ್ನು ಬಲ್ಲೆ. ಕೈ ನಡುಗುತ್ತದೆ, ಹಿಂದೆ ನಿಂತವರು ಗೊಣಗುತ್ತಾರೆ, ನಾವು ಸಹಾಯಕ್ಕೆ ಹೋಗುವಂತಿಲ್ಲ. ಸಾವಿರ ಹೆಸರುಗಳ ಪುಸ್ತಕವನ್ನು ಅಂಥವಳ ಕೈಗೆ ಕೊಟ್ಟರೆ ಏನಾದೀತು? ಪ್ರತಿಭಟನೆ ಸರಕಾರದ ವಿರುದ್ಧವಾಗಿತ್ತು, ಭಾರ ಮಾತ್ರ ಬಿದ್ದುದು ಓದು ಬಾರದ ರೈತ ಹೆಂಗಸಿನ ಮೇಲೆ.

ಅದೇ 1996ರಲ್ಲಿ ಇನ್ನೆರಡು ಕಡೆ ಇಂಥದೇ ನಡೆಯಿತು. ಲೋಕಸಭೆಗೆ ನಮ್ಮ ಬೆಳಗಾವಿಯಲ್ಲಿ 456 ಮಂದಿ ನಿಂತರು. ಅಲ್ಲಿನ ಕಾರಣ ರೈತರ ಕಷ್ಟವಲ್ಲ, ಗಡಿಯ ವಿವಾದ. ಅಂದಿನ ಆಂಧ್ರದ ನಲ್ಗೊಂಡದಲ್ಲಿ 480 ಮಂದಿ. ಅಲ್ಲಿನ ಕಾರಣ ಫ್ಲೋರೈಡ್ ಬೆರೆತ ಕುಡಿಯುವ ನೀರು ಮೂಳೆಗಳನ್ನು ಸೊಟ್ಟಗೆ ಮಾಡುತ್ತಿದ್ದುದು. ಮೂರು ಕಡೆಯ ನೋವು ಮೂರು ಬಗೆ, ಆಯುಧ ಒಂದೇ.

ಸರಕಾರ ನೋವಿಗೆ ಮದ್ದು ಹುಡುಕುವುದಕ್ಕೆ ಮೊದಲು ಆಯುಧವನ್ನು ಕಿತ್ತುಕೊಂಡಿತು. ಅದೇ ವರ್ಷ ಪ್ರಜಾಪ್ರತಿನಿಧಿ ಕಾಯಿದೆಯನ್ನು ತಿದ್ದಲಾಯಿತು. ವಿಧಾನಸಭೆಯ ಠೇವಣಿ 250 ರೂಪಾಯಿಯಿಂದ ಒಮ್ಮೆಗೇ 5,000ಕ್ಕೆ ಏರಿತು, ಲೋಕಸಭೆಯದು 500ರಿಂದ 10,000ಕ್ಕೆ. ಪಕ್ಷೇತರನ ನಾಮಪತ್ರಕ್ಕೆ ಹತ್ತು ಮಂದಿ ಮತದಾರರ ಸೂಚನೆ ಬೇಕೆಂದಾಯಿತು. 2010ರಿಂದ ಠೇವಣಿ ಮತ್ತೂ ಏರಿ ವಿಧಾನಸಭೆಗೆ 10,000, ಲೋಕಸಭೆಗೆ 25,000 ರೂಪಾಯಿ ಆಗಿದೆ. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಅದರ ಅರ್ಧ. ಚಲಾವಣೆಯಾದ ಮತಗಳಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚು ಬಾರದಿದ್ದರೆ, ಗೆಲ್ಲದವನ ಆ ಹಣ ಹಿಂದಿರುಗಿ ಬಾರದು.

ಶಾಲೆಯ ಹುಡುಗರಿಗೆ ಕೊಡುವ ಲೆಕ್ಕದಂತೆ ಇದನ್ನು ಮಾಡಿ ನೋಡೋಣ. 1,033 ಮಂದಿ ತಲಾ 250 ರೂಪಾಯಿಯಂತೆ ಕಟ್ಟಿದರೆ 2,58,250 ರೂಪಾಯಿ. ತಲಾ 10,000 ರೂಪಾಯಿಯಾದರೆ 1,03,30,000 ರೂಪಾಯಿ. ಒಂದು ಕೋಟಿಗೂ ಮೀರಿದ ಹಣ! ಅಷ್ಟು ಹಣ ಗಡಿನಾಡಿನ ರೈತರ ಬಳಿ ಇದ್ದರೆ ಆನೆ ಹಳ್ಳವನ್ನು ಅವರೇ ತೋಡಿಸಿಕೊಳ್ಳುತ್ತಿರಲಿಲ್ಲವೇ?

‘ಹಾಗಾದರೆ ಆ ದಾರಿ ಮುಚ್ಚಿತೇ?’ ಎಂದು ಕೇಳುವಿರಿ. ಪೂರ್ತಿಯಾಗಿ ಮುಚ್ಚಲಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ 185 ಮಂದಿ ಕಣದಲ್ಲಿದ್ದರು. ಅವರಲ್ಲಿ ಬಹುಪಾಲು ರೈತರು. ಅವರು ಕೇಳಿದ್ದು ಅರಿಶಿನಕ್ಕೂ ಕೆಂಪು ಜೋಳಕ್ಕೂ ನ್ಯಾಯವಾದ ಬೆಲೆ, ಮತ್ತು ಅರಿಶಿನಕ್ಕೆ ಒಂದು ಮಂಡಳಿ. ಪ್ರತಿ ಮತಗಟ್ಟೆಯಲ್ಲೂ ಮತಯಂತ್ರದ ಹನ್ನೆರಡು ಘಟಕಗಳನ್ನು ಸಾಲಾಗಿ ಜೋಡಿಸಿಟ್ಟರು. ಅಂದಿನ ಮುಖ್ಯಮಂತ್ರಿಗಳ ಮಗಳೇ ಆದ ಹಾಲಿ ಸದಸ್ಯೆ ಸೋತರು. ಮಂಡಳಿ ತರುವೆನೆಂದು ಛಾಪಾ ಕಾಗದದಲ್ಲಿ ಬರೆದುಕೊಟ್ಟವರು ಗೆದ್ದರು. ರಾಷ್ಟ್ರೀಯ ಅರಿಶಿನ ಮಂಡಳಿಯ ರಚನೆ ಪ್ರಕಟವಾದದ್ದು 2023ರಲ್ಲಿ; ನಿಜಾಮಾಬಾದನ್ನು ಕೇಂದ್ರವಾಗಿಟ್ಟುಕೊಂಡು ಅದು ಉದ್ಘಾಟನೆಯಾದದ್ದು 2025ರ ಜನವರಿ 14ರಂದು, ಸಂಕ್ರಾಂತಿಯ ದಿನ. ಅರಿಶಿನಕ್ಕೆ ಬೆಂಬಲ ಬೆಲೆ ಮಾತ್ರ ಅದರೊಡನೆ ಬರಲಿಲ್ಲ.

ನಿಜಾಮಾಬಾದಿನವರಿಗೆ ಫಲ ಸಿಕ್ಕಲು ಕಾರಣವೇನೆಂದು ಯೋಚಿಸಬೇಕು. ನನಗೆ ತೋರುವಂತೆ ಅಲ್ಲಿ ಮೂರು ಸಂಗತಿಗಳು ಕೂಡಿಬಂದವು. ಬೇಡಿಕೆ ಸ್ಪಷ್ಟವಾಗಿತ್ತು; ‘ರೈತರನ್ನು ಕಾಪಾಡಿ’ ಎನ್ನದೆ ‘ಈ ಮಂಡಳಿ ಬೇಕು’ ಎಂದರು. ಅರಿಶಿನ ಬೆಳೆಯುವವರ ಸಂಖ್ಯೆ ಆ ಕ್ಷೇತ್ರದಲ್ಲಿ ದೊಡ್ಡದಾಗಿತ್ತು. ಮೂರನೆಯದಾಗಿ, ಹೆಸರುಗಳು ಎಷ್ಟೇ ಇದ್ದರೂ ಮತಗಳು ಹಾಲಿ ಸದಸ್ಯರ ಆಸನವನ್ನು ಅಲುಗಿಸಿದವು. ಮೊದಲನೆಯದನ್ನು ನಾವು ಕಲಿಯಬಹುದು. ಎರಡನೆಯದು ನಮಗಿಲ್ಲ. ಭವಾನಿಸಾಗರ ಕ್ಷೇತ್ರದಲ್ಲಿ ಘಟ್ಟದ ಮೇಲಿನ ನಾವು ಕೆಲವರು, ಬಯಲಿನವರು ಬಹುಮಂದಿ.

ಇನ್ನೊಂದು ಮಾತನ್ನೂ ಪತ್ರ ಬರೆದ ಬಂಧುಗಳು ಗಮನಿಸಬೇಕು. ಭವಾನಿಸಾಗರ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಯವರಿಗೆ ಮೀಸಲಾದುದು. ಅದು ಸೇರಿರುವ ನೀಲಗಿರಿ ಲೋಕಸಭಾ ಕ್ಷೇತ್ರವೂ ಹಾಗೆಯೇ. ಆದುದರಿಂದ ಊರಿಗೆ ಹತ್ತು ಮಂದಿ ನಿಲ್ಲಬೇಕೆಂದರೆ ಆ ಹತ್ತೂ ಮಂದಿ ನಮ್ಮ ಊರಿನ ಪರಿಶಿಷ್ಟ ಜಾತಿಯ ಬಂಧುಗಳೇ ಆಗಬೇಕು. ಹೊಲವುಳ್ಳವರು ಯೋಜನೆ ಹಾಕಿ, ಕೂಲಿಯಿಂದ ಬದುಕುವವರಿಂದ ಠೇವಣಿ ಕಟ್ಟಿಸುವುದು ಯಾವ ನ್ಯಾಯ? ಅವರ ಕಷ್ಟಗಳನ್ನು ನಾವು ಎಂದಾದರೂ ಚಾವಡಿಯಲ್ಲಿ ಕುಳ್ಳಿರಿಸಿಕೊಂಡು ಕೇಳಿದ್ದೇವೆಯೇ? ಆನೆ ಕೇವಲ ಹೊಲದ ಯಜಮಾನನನ್ನು ಹುಡುಕಿ ಬರುವುದಿಲ್ಲ. ನಸುಕಿನಲ್ಲಿ ಕೂಲಿಗೆ ನಡೆದು ಹೋಗುವ ಹೆಂಗಸು, ಕಾಡಂಚಿನ ಹಾಡಿಯ ಸೋಲಿಗ ಅದಕ್ಕೆ ಮೊದಲು ಎದುರಾಗುತ್ತಾರೆ. ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಅವರ ಮಾತು ಇಲ್ಲದಿದ್ದರೆ ಅದು ಊರಿನ ಪಟ್ಟಿಯಾಗಲಾರದು.

ಗುಮಟಾಪುರದ ಗೊರೆ ಹಬ್ಬವನ್ನು ನೋಡಿದವರಿಗೆ ಒಂದು ವಿಷಯ ತಿಳಿದಿದೆ. ದೀಪಾವಳಿ ಕಳೆದ ಮೇಲೆ ಸಗಣಿಯ ರಾಶಿಯಲ್ಲಿ ಇಳಿದು ಒಬ್ಬರ ಮೇಲೊಬ್ಬರು ಎರಚಾಡುವಾಗ ಗಡಿಯ ಈಚೆಯವನಾರು, ಆಚೆಯವನಾರು ಎಂದು ಯಾರೂ ವಿಚಾರಿಸುವುದಿಲ್ಲ. ಬಣ್ಣಾರಿಯ ಕೊಂಡಕ್ಕೆ ಚಾಮರಾಜನಗರದವರೂ ಬರುತ್ತಾರೆ, ಗೋಪಿಚೆಟ್ಟಿಪಾಳಯದವರೂ ಬರುತ್ತಾರೆ. ಹಬ್ಬದಲ್ಲಿ ಕೂಡಿಬರುವ ಈ ಐಕ್ಯ ಅರ್ಜಿ ಬರೆಯುವ ದಿನ ಎಲ್ಲಿ ಅಡಗಿಕೊಳ್ಳುತ್ತದೆಂಬುದೇ ನನಗೆ ಸೋಜಿಗ.

ಈಗ ಮೊಡಕ್ಕುರಿಚಿಯ ಕಥೆಯ ಎರಡನೆಯ ಅಧ್ಯಾಯವನ್ನು ಹೇಳಬೇಕು. ಅದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. 1996ರಲ್ಲಿ ಅಲ್ಲಿ ಗೆದ್ದ ಅದೇ ಸುಬ್ಬುಲಕ್ಷ್ಮಿ ಜಗದೀಶನ್ ಅವರು 2021ರಲ್ಲಿ ಅದೇ ಕ್ಷೇತ್ರದಿಂದ ಮತ್ತೆ ನಿಂತರು. ಎದುರಿಗೆ ಭಾರತೀಯ ಜನತಾ ಪಕ್ಷದ ಸಿ. ಸರಸ್ವತಿ. ಒಬ್ಬರಿಗೆ 77,844 ಮತ, ಇನ್ನೊಬ್ಬರಿಗೆ 78,125. ಸರಸ್ವತಿಯವರು ಗೆದ್ದುದು 281 ಮತಗಳಿಂದ. ಯಾವ ಪಕ್ಷ ಗೆದ್ದಿತೆಂಬುದು ಈ ಅಂಕಣದ ವಿಷಯವಲ್ಲ. ಲೆಕ್ಕವನ್ನು ಮಾತ್ರ ನೋಡಿ. ಇಪ್ಪತ್ತೈದು ವರ್ಷಗಳ ಹಿಂದೆ ಸಾವಿರ ಹೆಸರುಗಳಿಂದ ಆಗದಿದ್ದುದು, ಮುನ್ನೂರಕ್ಕೂ ಕಡಮೆ ಮತಗಳಿಂದ ಆಯಿತು. 281 ಮತಗಳೆಂದರೆ ಒಂದು ಸಾಧಾರಣ ಹಳ್ಳಿಯ ಎರಡು ಬೀದಿ. ಆ ಎರಡು ಬೀದಿಯವರು ಮತದಾನದ ದಿನ ಕಬ್ಬು ಕಡಿಯಲು ಹೋಗಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು.

ಆದುದರಿಂದ ಪತ್ರ ಬರೆದ ಬಂಧುಗಳಿಗೆ ನನ್ನ ಸಲಹೆ ಇಷ್ಟು. ನಾಮಪತ್ರಗಳಿಗೆ ವೆಚ್ಚ ಮಾಡಬೇಕೆಂದಿರುವ ಉತ್ಸಾಹವನ್ನು ನಾಲ್ಕು ಕೆಲಸಗಳಿಗೆ ತೊಡಗಿಸಿ.

ಮೊದಲನೆಯದು, ಮತದಾರರ ಪಟ್ಟಿ. ಹದಿನೆಂಟು ತುಂಬಿದ ಮಕ್ಕಳ ಹೆಸರು, ಮದುವೆಯಾಗಿ ಗಡಿಯಾಚೆಯಿಂದ ಬಂದ ಸೊಸೆಯಂದಿರ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿ. ಹುಣಸೂರಿನಿಂದಲೋ ಕೊಳ್ಳೇಗಾಲದಿಂದಲೋ ಬಂದ ಸೊಸೆಯ ಹೆಸರು ತವರಿನ ಪಟ್ಟಿಯಲ್ಲಿಯೇ ಉಳಿದು ಎರಡೂ ಕಡೆ ಮತವಿಲ್ಲದಂತಾಗಿರುವ ಮನೆಗಳನ್ನು ನಾನು ಕಂಡಿದ್ದೇನೆ.

ಎರಡನೆಯದು, ಗ್ರಾಮ ಸಭೆ. ತಮಿಳುನಾಡಿನಲ್ಲಿ ಗಣರಾಜ್ಯ ದಿನ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿಗಳಂದು ಗ್ರಾಮ ಸಭೆ ನಡೆಯುವ ಪದ್ಧತಿ ಬಹುಕಾಲದ್ದು. ಅಲ್ಲಿ ಆದ ನಿರ್ಣಯ ಬರಹದಲ್ಲಿ ಉಳಿಯುತ್ತದೆ. ಸಹಿ ಮಾಡಿ ಚಹಾ ಕುಡಿದು ಏಳುವುದಕ್ಕೆ ಬದಲಾಗಿ, ಎಷ್ಟು ಉದ್ದದ ಆನೆ ಹಳ್ಳ, ಯಾವ ಸರ್ವೆ ನಂಬರಿನಿಂದ ಯಾವ ಸರ್ವೆ ನಂಬರಿನವರೆಗೆ, ಎಲ್ಲೆಲ್ಲಿ ಮಣ್ಣು ಕುಸಿದು ಹಳ್ಳ ತೂರ್ತು ಹೋಗಿದೆ ಎಂಬುದನ್ನು ನಿರ್ಣಯದಲ್ಲಿ ಬರೆಸಿ.

ಮೂರನೆಯದು, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ತಿಂಗಳಿಗೊಮ್ಮೆ ನಡೆಯುವ ರೈತರ ಅಹವಾಲು ಸಭೆ. ಈರೋಡು ದೂರ, ನಿಜ. 2022ರಲ್ಲಿ ಉಚ್ಚ ನ್ಯಾಯಾಲಯದ ಆಜ್ಞೆಯಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ಪ್ರಯಾಣವೂ ತರಕಾರಿ ಸಾಗಣೆಯೂ ಹೊತ್ತು ನೋಡಿ ಹೊರಡುವ ಕೆಲಸವಾಗಿದೆ. ಆದರೂ ಸರದಿಯ ಮೇಲೆ ಊರಿಗೆ ಇಬ್ಬರಂತೆ ಹೋಗಿ ಬನ್ನಿ. ಅರ್ಜಿಯನ್ನು ತಮಿಳಿನಲ್ಲಿ ಬರೆಯಿರಿ. ಇದರಿಂದ ನಮ್ಮ ಕನ್ನಡಕ್ಕೆ ಕುಂದಿಲ್ಲ. ಮನೆಯಲ್ಲಿ, ಶಾಲೆಯಲ್ಲಿ, ಹಬ್ಬದಲ್ಲಿ ಕನ್ನಡವನ್ನು ಗಟ್ಟಿಯಾಗಿ ಹಿಡಿದವನಿಗೆ ಕಚೇರಿಯಲ್ಲಿ ತಮಿಳು ಬರೆಯಲು ಅಂಜಿಕೆ ಏಕೆ? ಅರ್ಜಿಯ ಪ್ರತಿಯನ್ನು ಕನ್ನಡದಲ್ಲಿಯೂ ಬರೆದು ಊರಿನ ಗುಡಿಯ ಗೋಡೆಗೆ ಅಂಟಿಸಿ, ಹಿರಿಯರಿಗೂ ತಿಳಿಯಲಿ.

ನಾಲ್ಕನೆಯದು, ಮತ ಕೇಳಲು ಬರುವವರನ್ನು ಊರ ಮುಂದಿನ ಜಗಲಿಯಲ್ಲಿ ಕುಳ್ಳಿರಿಸಿ, ಎಲ್ಲ ಪಕ್ಷಗಳವರಿಗೂ ಒಂದೇ ಪಟ್ಟಿಯನ್ನು ಕೊಡಿ. ಪಟ್ಟಿಯಲ್ಲಿ ಮೂರಕ್ಕಿಂತ ಹೆಚ್ಚು ಬೇಡಿಕೆಗಳು ಬೇಡ. ಹಾರ, ಶಾಲು, ಕುಂಭ ಸ್ವಾಗತಗಳೂ ಬೇಡ. ಅವರು ಕೊಟ್ಟ ಮಾತನ್ನು ಅವರ ಎದುರಿನಲ್ಲಿಯೇ ಬರೆದಿಟ್ಟುಕೊಳ್ಳಿ. ಯಾರಿಗೆ ಮತ ಎಂಬುದು ಅವರವರ ಗುಟ್ಟು; ಅದನ್ನು ಊರಿನ ಯಜಮಾನರು ನಿಶ್ಚಯಿಸಬಾರದು. ಎಲ್ಲರೂ ಮತಗಟ್ಟೆಗೆ ಬರಬೇಕೆಂಬುದನ್ನು ಮಾತ್ರ ನಿಶ್ಚಯಿಸಬಹುದು. ಯಾರೂ ಹಿಡಿಸದಿದ್ದರೆ 2013ರಿಂದ ಮತಯಂತ್ರದಲ್ಲಿ ‘ಮೇಲಿನ ಯಾರೂ ಅಲ್ಲ’ ಎಂಬ ಗುಂಡಿಯೂ ಇದೆ. ಅದು ಯಾರನ್ನೂ ಸೋಲಿಸುವುದಿಲ್ಲವಾದರೂ ಮನೆಯಲ್ಲಿ ಕುಳಿತುಬಿಡುವುದಕ್ಕಿಂತ ಮೇಲು. ಎಣಿಕೆಯಲ್ಲಿ ನಮ್ಮ ಅಸಮಾಧಾನ ದಾಖಲಾಗುತ್ತದೆ.

ಇಷ್ಟು ಮಾಡಿದರೆ ಆನೆ ಬರುವುದು ನಾಳೆಯೇ ನಿಲ್ಲುತ್ತದೆಂದು ನಾನು ಹೇಳಲಾರೆ. ಕಾಡು ನಮ್ಮ ಊರನ್ನು ಸುತ್ತಿಕೊಂಡೇ ಇದೆ. ಸತ್ಯಮಂಗಲದ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಆನೆಗೂ ಹಸಿವಿದೆ. ಆದರೆ ಬೆಳೆ ಹೋದ ಮೇಲೆ ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆಯಬೇಕಾದುದು ದೈವನಿಯಮವಲ್ಲ. ಮನುಷ್ಯರು ಮಾಡಿದ ಏರ್ಪಾಡು. ಮನುಷ್ಯರು ಮಾಡಿದ್ದನ್ನು ಮನುಷ್ಯರು ತಿದ್ದಬಲ್ಲರು. ವಿದ್ಯುತ್ತಿಗಾಗಿ ಹೋರಾಡಿದವರು ಹದಿನೈದು ಇಪ್ಪತ್ತು ವರ್ಷ ಕಾದರು. ಅರಿಶಿನ ಮಂಡಳಿ ಕೇಳಿದವರು ಚುನಾವಣೆಯಾದ ಮೇಲೂ ಆರು ಸಂಕ್ರಾಂತಿಗಳನ್ನು ಎಣಿಸಿದರು.

ಈ ಸಂಚಿಕೆ ನಿಮ್ಮ ಕೈ ಸೇರಿದ ದಿನ, ಮನೆಯ ಮಕ್ಕಳಿಗೆ ಒಂದು ಕೆಲಸ ಒಪ್ಪಿಸಿ. ನಿಮ್ಮ ಮತಗಟ್ಟೆಯ ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆ, ಕಳೆದ ಸಲ ಅವರಲ್ಲಿ ಎಷ್ಟು ಮಂದಿ ಮತ ಹಾಕಿದರು ಎಂಬುದನ್ನು ವಿಚಾರಿಸಿ, ಒಂದರಿಂದ ಇನ್ನೊಂದನ್ನು ಕಳೆದು ತೋರಿಸಲಿ. ಉಳಿಯುವ ಸಂಖ್ಯೆ 281ಕ್ಕಿಂತ ಹೆಚ್ಚಿದೆಯೇ, ಕಡಮೆಯಿದೆಯೇ ನೋಡಿ. ಕಾಸರಗೋಡು, ಅಕ್ಕಲಕೋಟೆ, ಆದವಾನಿ, ಹೊಸೂರುಗಳ ಓದುಗರೂ ಈ ಲೆಕ್ಕ ಮಾಡಬಹುದು. ಉತ್ತರಗಳನ್ನು ಊರಿನ ಹೆಸರಿನೊಡನೆ ಕಾರ್ಡಿನಲ್ಲಿ ಬರೆದು ಕಳುಹಿಸಿದರೆ, ಮುಂದಿನ ತಿಂಗಳು ಇದೇ ಪುಟದಲ್ಲಿ ಪ್ರಕಟಿಸೋಣ.